ಮಾಯಮ್ಮನ ಬಲಗೈ

ಮಾಯಮ್ಮನಿಗೆ ಎಚ್ಚರವಾದಾಗ ಬಲಗೈ ಇರಲಿಲ್ಲ. ಮೊಣಕೈಯಿಂದ ಕೆಳಗೆ ಒಂದು ಗೇಣು ದೂರ ಬಿಳಿ ಬಟ್ಟೆ ಸುತ್ತಿದ್ದರು. ಅಲ್ಲಿಗೆ ಮುಗಿದಿತ್ತು. ಮಂಚದ ಪಕ್ಕ ಗಂಡ ಭೀಮ ನಿಂತಿದ್ದ. ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ಮೂಟೆ ಹೊರುವ ಆಳು ಅವನು. ಹೆಗಲ ಮೇಲಿನ ಟವಲನ್ನು ಬಾಯಿಗೆ ಒತ್ತಿಕೊಂಡಿದ್ದ.

"ನೀರು" ಅಂದಳು. ಕುಡಿದಳು. ಮತ್ತೆ ಕಣ್ಣು ಮುಚ್ಚಿದಳು. ಅಳು ಬರಲಿಲ್ಲ. ಪಕ್ಕದ ಮಂಚದ ಹೆಂಗಸು, "ಏನ್ ಗಟ್ಟಿ ಗುಂಡಿಗೆಯವ್ವ ಇವ್ಳದು" ಅಂದಳು. ಅದು ತನ್ನ ಬಗ್ಗೆ ಆಡಿದ ಮಾತು ಎಂದು ಮಾಯಮ್ಮನಿಗೆ ಅನ್ನಿಸಲೇ ಇಲ್ಲ.

ಅವಳು ಕೆಲಸಕ್ಕೆ ಹೋಗುತ್ತಿದ್ದದ್ದು ರಜನೀಶನ ನಾರಿನ ಮಿಲ್ಲಿಗೆ. ಹೊಳೆನರಸೀಪುರದ ಕಡೆ ಹೋಗುವ ರಸ್ತೆಯ ಪಕ್ಕದಲ್ಲೇ ಇದೆ. ನೆನೆಸಿದ ತೆಂಗಿನ ಮಟ್ಟೆಯನ್ನು ಯಂತ್ರದ ಬಾಯಿಗೆ ತುರುಕಬೇಕು. ಒಳಗೆ ಕಬ್ಬಿಣದ ಹಲ್ಲುಗಳ ಉರುಳೆ ತಿರುಗುತ್ತದೆ. ಒಂದು ಕಡೆ ನಾರು ಬೀಳುತ್ತದೆ, ಇನ್ನೊಂದು ಕಡೆ ಪುಡಿ. ಯಂತ್ರದ ಬಾಯಿಗೆ ನಿಲ್ಲುವವರು ಕೇರಿಯ ಹೆಂಗಸರು. ಅಂಗಳದಲ್ಲಿ ನಾರು ಹರಡುವವರು ಊರಿನ ಹೆಂಗಸರು. ಹೀಗೇ ಇರಬೇಕೆಂದು ಯಾರೂ ಬೋರ್ಡು ಹಾಕಿರಲಿಲ್ಲ. ಹಾಗೆ ಇತ್ತು. ಊರಿನವರು ಡ್ರಮ್ಮಿನ ಮೇಲಿನ ಲೋಟದಲ್ಲಿ ನೀರು ಕುಡಿಯುತ್ತಿದ್ದರು. ಕೇರಿಯವರು ಬೊಗಸೆ ಒಡ್ಡಬೇಕು. ಯಾರಾದರೂ ಮೇಲಿನಿಂದ ಹುಯ್ಯಬೇಕು.

ಯಂತ್ರದ ಬಾಯಿಗೆ ಅಡ್ಡ ಇದ್ದ ತಗಡು ಕಳಚಿ ಬಿದ್ದು ಬಹಳ ದಿನವಾಗಿತ್ತು. "ತಗಡು ಹಾಕ್ಸಿ ಬುದ್ಧಿ, ಕೈಗೆ ಬತ್ತದೆ" ಎಂದು ಮಾಯಮ್ಮ ಹೇಳಿದ್ದಳು. "ಹಾಕ್ಸಾನ ಬುಡು" ಅಂದಿದ್ದ ರಜನೀಶ. ತಗಡಿದ್ದರೆ ಮಟ್ಟೆ ನಿಧಾನವಾಗಿ ಹೋಗುತ್ತದೆ.

ಅವತ್ತು ಮಟ್ಟೆಯ ಜೊತೆ ಕೈಯೂ ಹೋಯಿತು. ಓಡಿ ಬಂದು ಸ್ವಿಚ್ಚು ಆರಿಸಿದವಳು ಚಿಕ್ಕಲಕ್ಷ್ಮಮ್ಮ. ಊರಿನ ಹೆಂಗಸು, ರಜನೀಶನಿಗೆ ದೂರದ ನೆಂಟಳು. ಗಂಡ ಸತ್ತ ಮೇಲೆ ನಾರು ಹರಡಲು ಬಂದವಳು. ಅವಳ ಮುಖ ಮಾಯಮ್ಮನಿಗೆ ನೆನಪಿದೆ. ಅದರಾಚೆ ಏನೂ ಇಲ್ಲ.

ರಜನೀಶ ಆಸ್ಪತ್ರೆಗೆ ಬಂದು ಬಿಲ್ಲು ಕಟ್ಟಿದ. "ಬೇಗ ವಾಸಿಯಾಗ್ಲಿ. ಮುಂದ್ಕೆ ನಾನ್ ನೋಡ್ಕತೀನಿ" ಅಂದ.

"ಆಯ್ತು ಬುದ್ಧಿ" ಅಂದಳು ಮಾಯಮ್ಮ.

ಮನೆಗೆ ಬಂದಳು. ರಜನೀಶ ಕೇರಿಯ ಕಡೆ ತಲೆ ಹಾಕಲಿಲ್ಲ. ಕೇಳಲು ಹೋದ ಭೀಮನನ್ನು ಗೇಟಿನಲ್ಲೇ ತಡೆದರು. ರಜನೀಶ ಒಳಗಿನಿಂದಲೇ ಕೂಗಿದ: "ನನ್ ಮಿಲ್ಲಲ್ಲಿ ಅವ್ಳಿಗೇನ್ ಕೆಲ್ಸ ಇತ್ತು? ಅವ್ಳು ಇಲ್ಲಿ ಯಾವತ್ತೂ ಕೆಲ್ಸಕ್ಕೇ ಬಂದಿಲ್ಲ. ಪಾಪ ಅಂತ ಆಸ್ಪತ್ರೆಗೆ ಆಕ್ದೆ, ಅದೇ ತಪ್ಪಾಯ್ತು."

ಇಬ್ಬರೂ ಪೊಲೀಸ್ ಠಾಣೆಗೆ ಹೋದರು. ಗೋಡೆಗೆ ಒರಗಿಸಿ ಮಧ್ಯಾಹ್ನದವರೆಗೆ ಕೂರಿಸಿದರು. ಆಮೇಲೆ ಒಬ್ಬ ಪೇದೆ ಆಸ್ಪತ್ರೆಯ ಚೀಟಿ ನೋಡಿದ.

"ಮನೇಲಿ ಮೇವು ಕತ್ತರ್ಸೋ ಮಿಷಿನ್ಗೆ ಕೈ ಕೊಟ್ಟೆ ಅಂತ ಐತಲ್ಲಮ್ಮ ಇದ್ರಲ್ಲಿ."

"ಯಾರ್ ಸಾ ಬರ್ಸಿದ್ದು?"

"ನಿನ್ನ ಕರ್ಕಂಡ್ ಬಂದೋರು."

"ನಮ್ಮನೇಲಿ ದನ ಇಲ್ಲ ಸಾ. ಎಮ್ಮೆ ಇಲ್ಲ. ಒಂದ್ ಮೇಕೆನೂ ಇಲ್ಲ. ಯಾರಿಗ್ ಮೇವು ಕತ್ತರಿಸ್ಲಿ?"

ಪೇದೆ ನಕ್ಕ. "ಅದ್ನೆಲ್ಲ ಕೋರ್ಟಲ್ಲಿ ಯೋಳು" ಅಂದ.

ಪರಿಹಾರ ಬೇಕಾದರೆ ಹಾಸನದ ಕಾರ್ಮಿಕ ಇಲಾಖೆಗೆ ಹೋಗಬೇಕೆಂದು ಮಂಡಿಯಲ್ಲಿ ಯಾರೋ ಹೇಳಿದರು. ಬಸ್ಸು ಹತ್ತಿದರು. ಸೀಟಿರಲಿಲ್ಲ. ಬಸ್ಸು ಬ್ರೇಕು ಹಾಕಿದಾಗೆಲ್ಲ ಮಾಯಮ್ಮ ಇಲ್ಲದ ಕೈಯಲ್ಲಿ ಕಂಬಿ ಹಿಡಿಯಲು ಹೋಗಿ ಮುಗ್ಗರಿಸಿದಳು. ಭೀಮ ಅವಳ ಸೊಂಟಕ್ಕೆ ಕೈ ಹಾಕಿ ನಿಂತ. ಯಾರೋ ಹುಡುಗರು ನಕ್ಕರು.

"ಇಎಸ್‌ಐ ಕಾರ್ಡ್ ಐತಾ?" ಅಂದ ಗುಮಾಸ್ತ.

"ಇಲ್ಲ ಸಾ."

"ಸಂಬಳದ ಚೀಟಿ?"

"ಕೈಗೇ ಕೊಡೋರು."

"ಹಾಜರಿ?"

"ಅವ್ರೇ ಬರ್ಕಳೋರು."

"ಮತ್ತೆ ನೀನು ಆ ಮಿಲ್ಲಿನ ಕೆಲಸದೋಳು ಅನ್ನೋಕೆ ಏನಮ್ಮ ಐತೆ?"

ಮಾಯಮ್ಮ ಸೆರಗು ಸರಿಸಿ ತೋಳು ಮುಂದೆ ಚಾಚಿದಳು. ಗುಮಾಸ್ತ ಮುಖ ತಿರುಗಿಸಿದ. "ಮುಚ್ಚಮ್ಮ ಅದ್ನ. ಈಗಷ್ಟೆ ಊಟ ಮಾಡ್ಬಂದಿದೀನಿ."

ಅವಳು ಮುಚ್ಚಿಕೊಂಡಳು. ಗುಮಾಸ್ತನ ದನಿ ಆಮೇಲೆ ಸ್ವಲ್ಪ ಮೆತ್ತಗಾಯಿತು. ಪರಿಹಾರದ ಕೇಸು ಈಗ ಇಲ್ಲಿ ನಡೆಯುವುದಿಲ್ಲ, ಚನ್ನರಾಯಪಟ್ಟಣದ ಕೋರ್ಟಿಗೇ ಅರ್ಜಿ ಹಾಕಬೇಕು, ಬಡವರಿಗೆ ಅಲ್ಲಿ ಪುಕ್ಕಟೆ ವಕೀಲರನ್ನು ಕೊಡುತ್ತಾರೆ ಎಂದ. ಮಿಲ್ಲು ನೋಡಲು ಒಬ್ಬ ಇನ್ಸ್‌ಪೆಕ್ಟರನ್ನು ಕಳಿಸುತ್ತೇವೆ ಎಂದೂ ಹೇಳಿದ. ಇನ್ಸ್‌ಪೆಕ್ಟರು ಹೋದರು. ಅಷ್ಟರಲ್ಲಿ ಯಂತ್ರಕ್ಕೆ ಹೊಸ ತಗಡು ಬಂದಿತ್ತು. ಅದಕ್ಕೆ ಹಳದಿ ಬಣ್ಣ ಬಳಿದಿದ್ದರು.

ಪುಕ್ಕಟೆ ವಕೀಲೆಯ ಹೆಸರು ಧನ್ಯಾ. ಚಿಕ್ಕ ವಯಸ್ಸು. ಕೋರ್ಟಿನ ಹಿಂದಿನ ಕೋಣೆಯಲ್ಲಿ ಎದುರಿಗೆ ಕುರ್ಚಿ ಹಾಕಿ ಕೂರಿಸಿದಳು. ಮಾಯಮ್ಮ ಕುರ್ಚಿಯ ತುದಿಯಲ್ಲಿ ಕೂತಳು.

"ಕೇಸು ಕಷ್ಟ ಇದೆ ಮಾಯಮ್ಮ ಅವ್ರೆ. ನೀವು ಅಲ್ಲಿ ಕೆಲಸ ಮಾಡ್ತಿದ್ರಿ ಅಂತ ಮೊದ್ಲು ತೋರಿಸ್ಬೇಕು. ಅದಾದ್ರೆ ಉಳಿದಿದ್ದೆಲ್ಲ ಆಗುತ್ತೆ. ಜೊತೇಲಿದ್ದೋರು ಯಾರಾದ್ರೂ ಬಂದು ಹೇಳ್ತಾರಾ?"

"ಕೇಳ್ತೀನಿ ಮೇಡಮ್ಮೋರೆ."

ಕೇಳಿದಳು. ಕೇರಿಯ ಹೆಂಗಸರು ತಲೆ ತಗ್ಗಿಸಿದರು. ಮನೆಯಲ್ಲಿ ಮಕ್ಕಳಿದ್ದರು. ಮಿಲ್ಲು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಮಾಯಮ್ಮನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಏನೂ ಬರಲಿಲ್ಲ. ಚಿಕ್ಕಲಕ್ಷ್ಮಮ್ಮನ ಮನೆ ಊರೊಳಗಿತ್ತು. ಅಲ್ಲಿಗೆ ಹೋಗಿ ಜಗುಲಿಯ ಕೆಳಗೆ ನಿಂತು ಕೂಗಿದಳು. ಬಾಗಿಲು ಮುಚ್ಚಿತ್ತು. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು. ಕೂಗಿದ ಮೇಲೆ ಅದೂ ನಿಂತಿತು.

ದಿನಗಳು ಹೋದವು. ಸೀರೆ ಉಡಿಸಲು ಭೀಮ ಬೇಕು. ತಲೆ ಬಾಚಲು ಭೀಮ ಬೇಕು. ಮುದ್ದೆ ಕಟ್ಟಲು ಎರಡು ಕೈ ಬೇಕು. ಮೂಟೆ ಹೊತ್ತು ಬಂದವನು ಹಿಟ್ಟು ತಿರುವಿ ಗಂಟು ಗಂಟು ಮುದ್ದೆ ಮಾಡುತ್ತಿದ್ದ. ಅವಳು ಎಡಗೈಯಲ್ಲಿ ಮುರಿದು ನುಂಗುತ್ತಿದ್ದಳು. ತಟ್ಟೆಗೆ ಹಾಕಿದರೆ ತಿನ್ನುವಳು, ಹಾಕದಿದ್ದರೆ ಕೇಳಳು. ನೆಂಟರ ಮದುವೆಯಲ್ಲಿ ಎಡಗೈಲಿ ಉಣ್ಣುವವಳ ಪಕ್ಕದ ಎಲೆಗೆ ಯಾರೂ ಕೂರಲಿಲ್ಲ. ಅದನ್ನು ಭೀಮ ನೋಡಿದ. ಅವಳು ನೋಡಲಿಲ್ಲ. ಒಮ್ಮೊಮ್ಮೆ ಇಲ್ಲದ ಬೆರಳುಗಳು ತುರಿಸುತ್ತಿದ್ದವು. ಆಗ ಮಾತ್ರ ಎದ್ದು ಅತ್ತಿತ್ತ ಓಡಾಡುತ್ತಿದ್ದಳು.

ಹಾಸನದ ದೊಡ್ಡಾಸ್ಪತ್ರೆಯಲ್ಲಿ ವೈದ್ಯರು ಅಳೆದು ನೋಡಿದರು. ಕಾನೂನಿನ ಪ್ರಕಾರ ಒಂದು ಕೈ ಹೋದರೆ ನಷ್ಟ ಅರವತ್ತು ಪರ್ಸೆಂಟು ಎಂದು ಧನ್ಯಾ ವಿವರಿಸಿದಳು.

"ಅಂದ್ರೆ ಇನ್ನ ನಲವತ್ ಪರ್ಸೆಂಟು ಕೈ ಐತೆ ಅಂತಾನಾ ಮೇಡಂ?" ಎಂದ ಭೀಮ. ತಮಾಷೆಗೆ ಕೇಳಿದ್ದಲ್ಲ.

ಕೋರ್ಟಿನ ಕಟಕಟೆಯಲ್ಲಿ ಮಾಯಮ್ಮನನ್ನು ನಿಲ್ಲಿಸಿ ರಜನೀಶನ ವಕೀಲ ಪ್ರಶ್ನೆ ಹಾಕಿದ.

"ನಿನ್ ಮನೇಲಿ ಕೈ ಕತ್ತರಿಸ್ಕೊಂಡೆ. ಪಾಪ ಅಂತ ಅವ್ರು ಕಾರಲ್ಲಿ ಕರ್ಕೊಂಡ್ ಹೋದ್ರು. ಉಪಕಾರ ಮಾಡಿದೋರ ಮೇಲೇ ಕೇಸು ಹಾಕಿದೀಯ, ಅಲ್ವಾ?"

"ಇಲ್ಲ ಸಾ."

"ನಿನ್ ಗಂಡ ಕುಡೀತಾನೆ. ಕುಡಿದು ಕಡಿದಿದ್ದು ಅವ್ನೇ. ಅದ್ನ ಮುಚ್ಚೋಕೆ ಈ ಕಥೆ."

"ಇಲ್ಲ ಸಾ."

"ಯಾರೋ ದುಡ್ಡಿನ ಆಸೆ ತೋರಿಸಿ ಹೇಳಿಕೊಟ್ಟಿದ್ದಾರೆ."

"ಇಲ್ಲ ಸಾ."

ಕೇಳುತ್ತಾ ಹೋದ. ಇಲ್ಲ ಇಲ್ಲ ಎನ್ನುತ್ತಾ ಹೋದಳು. ಹಿಂದಿನ ಬೆಂಚಿನಲ್ಲಿ ಭೀಮ ತನ್ನ ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ.

ಮುಂದಿನ ತಾರೀಖಿಗೆ ರಜನೀಶನ ಕಡೆಯ ಸಾಕ್ಷಿ ಎಂದು ಚಿಕ್ಕಲಕ್ಷ್ಮಮ್ಮನನ್ನು ಕರೆದುಕೊಂಡು ಬಂದರು. ಹೊಸ ಸೀರೆ ಉಟ್ಟಿದ್ದಳು. ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಮಾಯಮ್ಮ ಮಿಲ್ಲಿಗೆ ಎಂದೂ ಕೆಲಸಕ್ಕೆ ಬಂದಿಲ್ಲ ಎಂದು ಅವಳು ಹೇಳಬೇಕಿತ್ತು. ಅಷ್ಟೇ ಕೆಲಸ.

"ಮಾಯಮ್ಮ ನಿಮ್ಮ ಜೊತೆ ಮಿಲ್ಲಲ್ಲಿ ಕೆಲಸ ಮಾಡ್ತಿದ್ಲಾ?" ಎಂದ ವಕೀಲ.

ಅವಳು ಹೊಸ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು.

"ಹೇಳಮ್ಮ. ಇಲ್ಲ ಅಂತ ಹೇಳು."

"ನೀವು ಹೇಳಿಕೊಡಬೇಡಿ" ಎಂದರು ನ್ಯಾಯಾಧೀಶರು.

ಚಿಕ್ಕಲಕ್ಷ್ಮಮ್ಮ ಮಾಯಮ್ಮನ ಕಡೆ ತಿರುಗಿದಳು. ಮುಖ ನೋಡಲಿಲ್ಲ. ಸೆರಗಿನಡಿ ಮೊಂಡಾಗಿ ನಿಂತಿದ್ದ ತೋಳನ್ನು ನೋಡಿದಳು.

"ಮಾಡ್ತಿದ್ಲು ಸಾ."

"ಸರಿಯಾಗಿ ಯೋಚ್ನೆ ಮಾಡಿ ಹೇಳು!"

"ಯೋಚ್ನೆ ಮಾಡಿ ಮಾಡೇ ನನ್ ನಿದ್ದೆ ಓಗಿರದು." ದನಿ ಏರಿತು. "ಮಿಷಿನ್ ಆಫ್ ಮಾಡಿದ್ದು ನಾನು. ಅವ್ಳನ್ನ ಎಳ್ದು ಕಾರಿಗಾಕುದ್ರು. ಕೈ ಅಲ್ಲೇ ಸಿಕ್ಕಾಕ್ಕಂಡಿತ್ತು. ಇದ್ನ ಎಲ್ಲಾದ್ರೂ ಊತಾಕು, ಯಾರ್ ತಾವೂ ಬಾಯ್ ಬುಡಬ್ಯಾಡ ಅಂದ ರಜ್ನೀಸಪ್ಪ. ಬಾಂಡ್ಲೀಲಿ ಆಕ್ಕಂಡು ಓಗಿ ಮಿಲ್ಲಿನ ಇಂದ್ಗಡೆ ಪುಡಿ ಗುಡ್ಡೆ ಬುಡದಲ್ಲಿ ಒಬ್ಳೇ ಊತ್ಬುಟ್ಟೆ ಸಾ. ಬಳೆ ಇನ್ನೂ ಇದ್ವು ಕೈಯಾಗೆ. ಅವ್ಳು ಮಿಲ್ಲಿನ ಆಳಲ್ದಿದ್ರೆ ಅವ್ಳ ಕೈ ಮಿಲ್ಲಲ್ಲಿ ಯಾಕೈತೆ?"

ರಜನೀಶ ಎದ್ದು ಹೊರಗೆ ಹೋದ.

ಮಾರನೆಯ ದಿನ ಬೆಳಿಗ್ಗೆ ಕೋರ್ಟಿನ ಕಡೆಯವರು, ಪೊಲೀಸರು, ವೈದ್ಯರು ಒಟ್ಟಿಗೆ ಹೋಗಿ ಆ ಜಾಗ ಅಗೆಸಿ ನೋಡಬೇಕೆಂದು ನ್ಯಾಯಾಧೀಶರು ಆದೇಶ ಕೊಟ್ಟರು. ಹೊರಗೆ ಬಂದ ಧನ್ಯಾಳ ಮುಖದಲ್ಲಿ ಗಾಬರಿಯಿತ್ತು.

"ಬೆಳಿಗ್ಗೆ ಅನ್ನೋಷ್ಟರಲ್ಲಿ ಜೆಸಿಬಿ ತಂದು ಗುಡ್ಡೆನೇ ಎತ್ತಿಸಿಬಿಟ್ರೆ? ನಾನು ಪೊಲೀಸ್ರಿಗೆ ಕಾವಲು ಕೇಳ್ತೀನಿ. ಕಳಿಸ್ತಾರೋ ಇಲ್ವೋ."

"ನಾನ್ ಓಗಿ ಕುಂತ್ಕತೀನಿ" ಎಂದಳು ಮಾಯಮ್ಮ.

"ಎಲ್ಲಿ?"

"ಅದ್ರ ಮೇಲೆ."

ಅಷ್ಟು ಹೇಳಿ ಅವಳು ನಡೆದೇಬಿಟ್ಟಳು. ಭೀಮ ಓಡಿಹೋಗಿ ಆಟೋ ಹಿಡಿದ. ಆಟೋ ಹೊರಡುವಾಗ ಚಿಕ್ಕಲಕ್ಷ್ಮಮ್ಮ ಓಡುತ್ತಾ ಬಂದು ಹತ್ತಿದಳು. "ಜಾಗ ನಂಗ್ ತಾನೆ ಗೊತ್ತಿರದು" ಎಂದಳು.

ಗೇಟಿನ ಕಾವಲಿನವನು ಅಡ್ಡ ಬಂದ. "ಒಳೀಕೆ ಯಾರ್ನೂ ಬುಡಬ್ಯಾಡ ಅಂದವ್ರೆ ಕಣಕ್ಕ."

"ನನ್ ಕೈ ಒಳಗೈತೆ" ಎಂದಳು ಮಾಯಮ್ಮ.

ಅವನು ಗೇಟು ಬಿಟ್ಟು ಸರಿದ. ಅವಳು ಅವನ ಪಕ್ಕದಿಂದ ಒಳಗೆ ಹೋದಳು.

ಪುಡಿಯ ಗುಡ್ಡೆ ಮಿಲ್ಲಿನ ಹಿಂದೆ ಆಳೆತ್ತರ ಬೆಳೆದಿತ್ತು. ಚಿಕ್ಕಲಕ್ಷ್ಮಮ್ಮ ಅದರ ಬುಡದಲ್ಲಿ ಬೇಲಿಯ ಕಲ್ಲಿನ ಪಕ್ಕ ಬೆರಳು ಮಾಡಿ ತೋರಿಸಿದಳು. ಮಾಯಮ್ಮ ಅಲ್ಲಿ ಕೂತಳು. ಕೆಳಗೆ ಪುಡಿ ಬೆಚ್ಚಗಿತ್ತು. ಒಳಗೆ ಯಂತ್ರ ಓಡುತ್ತಿತ್ತು.

ರಜನೀಶನ ಕಾರು ಬಂತು. ಅದರ ಹಿಂದೆಯೇ ಜೆಸಿಬಿ ಬಂತು.

"ಮಾಯಿ, ಏಳು ಆಚೆಗೆ. ಇದು ನನ್ ಜಾಗ. ಕಾಲ್ ತೆಗಿ ಇಲ್ಲಿಂದ."

ಮಾಯಮ್ಮ ತಲೆ ಎತ್ತಿದಳು. ಬುದ್ಧಿ ಅನ್ನಲಿಲ್ಲ.

"ನಾನು ಇಲ್ಲಿ ಕಾಲೇ ಇಕ್ಕಿಲ್ಲ ಅಂತ ಕೋರ್ಟಲ್ಲಿ ಯೋಳ್ಸಿದ್ದೆ ನೀನು. ಇಕ್ದೆ ಇರೋ ಕಾಲ್ನ ಎಂಗ್ ತೆಗೀಲಿ?"

ನೀನು ಅಂದಿದ್ದಳು. ಭೀಮ ಬೆಚ್ಚಿದ. ಅವನ ಅಪ್ಪ, ಅವನ ತಾತ, ಯಾರೂ ಆ ಮನೆಯವರಿಗೆ ಎದುರು ನಿಂತು ನೀನು ಎಂದವರಲ್ಲ. ರಜನೀಶ ಭೀಮನ ಕಡೆ ತಿರುಗಿ ದನಿ ತಗ್ಗಿಸಿದ.

"ಭೀಮ, ನಿನ್ ಎಂಡ್ತಿಗೆ ಯೋಳ್ಲಾ. ಕೋರ್ಟು ಕೊಡೋದ್ಕಿಂತ ಜಾಸ್ತಿ ಕೊಡ್ತೀನಿ. ಇವತ್ತೇ ಕೊಡ್ತೀನಿ. ಮನೇಲಿ ಆಗಿದ್ದು ಅಂತ ಒಂದ್ ಮಾತು ಅಂದ್ಬುಡ್ಲಿ. ರಾಜಿ ಆಗ್ಬುಡಾನ."

ಭೀಮ ಹೆಂಡತಿಯ ಮುಖ ನೋಡಿದ. ಅವನ ಬೆನ್ನು ಮೂಟೆ ಹೊತ್ತು ಹೊತ್ತು ಬಾಗಿತ್ತು. ಕೋರ್ಟಿಗೆ ಅಲೆದು ಮಂಡಿಯ ಕೆಲಸವೂ ತಪ್ಪುತ್ತಿತ್ತು.

"ಮಾಯಿ..." ಎಂದ.

"ನೀನ್ ಬೇಕಾರೆ ಈಸ್ಕಂಡ್ ಓಗು. ನಾನ್ ಏಳಕಿಲ್ಲ."

ಭೀಮ ಟವಲು ಕೊಡವಿ ಅವಳ ಪಕ್ಕದಲ್ಲಿ ಕೂತ. ಚಿಕ್ಕಲಕ್ಷ್ಮಮ್ಮ ಇನ್ನೊಂದು ಪಕ್ಕ ಕೂತಳು.

"ಎತ್ತೋ ಗುಡ್ಡೆನ!" ಎಂದು ರಜನೀಶ ಕಿರುಚಿದ. ಜೆಸಿಬಿ ಮುಂದೆ ಬಂತು. ಬಕೆಟ್ಟು ಮೇಲೆದ್ದು ಮೂವರ ತಲೆಯ ಮೇಲೆ ನಿಂತಿತು. ಮಾಯಮ್ಮ ಅದನ್ನು ನೋಡಿದಳು. ಹೆದರಿಕೆ ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಡ್ರೈವರು ಎಂಜಿನ್ ಆರಿಸಿ ಕೆಳಗಿಳಿದ.

"ಜನದ್ ಮ್ಯಾಲೆ ನಾನ್ ಓಡ್ಸಕಿಲ್ಲ ಸಾ. ಬೇರೆ ಯಾರ್ನಾದ್ರೂ ಕರೀರಿ" ಎಂದು ಕೀಲಿ ಜೇಬಿಗೆ ಹಾಕಿಕೊಂಡು ರಸ್ತೆಯ ಕಡೆ ನಡೆದ.

ಆಗ ಮಿಲ್ಲಿನ ಯಂತ್ರವೂ ನಿಂತಿತು. ಯಾರು ನಿಲ್ಲಿಸಿದರೆಂದು ಆಮೇಲೂ ಯಾರೂ ಹೇಳಲಿಲ್ಲ. ಕೇರಿಯ ಹೆಂಗಸರು ಒಬ್ಬೊಬ್ಬರೇ ಹಿಂದಕ್ಕೆ ಬಂದರು. ಮೈಯೆಲ್ಲ ನಾರಿನ ಪುಡಿ ಮೆತ್ತಿತ್ತು. ಗುಡ್ಡೆಯ ಸುತ್ತ ಕೂತರು. ರಜನೀಶ ಒಬ್ಬೊಬ್ಬರ ಹೆಸರು ಹಿಡಿದು ಬೈದ. ನಾಳೆಯಿಂದ ಕೆಲಸವಿಲ್ಲ ಎಂದ. ಅವರು ಕೂತೇ ಇದ್ದರು. ಚಿಕ್ಕಲಕ್ಷ್ಮಮ್ಮ ಎದ್ದು ಹೋಗಿ ಡ್ರಮ್ಮಿನ ಲೋಟದಲ್ಲಿ ನೀರು ತುಂಬಿ ತಂದಳು. ಲೋಟವನ್ನು ಮಾಯಮ್ಮನ ಎಡಗೈಗೆ ಕೊಟ್ಟಳು. ಅವಳು ಕುಡಿದು ಪಕ್ಕದವಳಿಗೆ ಕೊಟ್ಟಳು.

ರಾತ್ರಿಯೆಲ್ಲ ಹಾಗೇ ಕೂತರು. ಬೆಳಗಾಯಿತು. ಕೋರ್ಟಿನವರು ಬಂದರು. ಅಗೆದರು. ಬಹಳ ಆಳ ಅಗೆಯಬೇಕಾಗಲಿಲ್ಲ. ಸಣ್ಣ ಸಣ್ಣ ಮೂಳೆಗಳು ಸಿಕ್ಕವು. ಹಸಿರು ಗಾಜಿನ ಬಳೆ ಚೂರುಗಳು ಸಿಕ್ಕವು. ವೈದ್ಯರು ನೋಡಿ ಮನುಷ್ಯರ ಕೈಯದೇ ಎಂದರು. ಬಿಳಿ ಬಟ್ಟೆಯಲ್ಲಿ ಕಟ್ಟಿ ಅರಗಿನ ಮುದ್ರೆ ಒತ್ತಿದರು.

ಮಾಯಮ್ಮ ಬಗ್ಗಿ ನೋಡಿದಳು. "ಇಷ್ಟೇನಾ?" ಎಂದಳು.

ತೀರ್ಪು ಬರಲು ಮತ್ತೊಂದು ಮಳೆಗಾಲ ಕಳೆಯಿತು. ಮೂಳೆ ಪರೀಕ್ಷೆಗೆ ಹೋಗಿ ಬರಬೇಕಿತ್ತು. ಮಾಯಮ್ಮ ಮಿಲ್ಲಿನ ಕೆಲಸದವಳೇ, ಕೆಲಸದ ಹೊತ್ತಿನಲ್ಲೇ ಕೈ ಹೋಗಿದ್ದು, ಮಾಲೀಕ ಪರಿಹಾರ ಕೊಡಬೇಕು ಎಂದು ನ್ಯಾಯಾಧೀಶರು ಓದಿದರು. ಧನ್ಯಾಳ ಕಣ್ಣಲ್ಲಿ ನೀರು ಬಂತು. "ಗೆದ್ವಿ ಮಾಯಮ್ಮ ಅವ್ರೆ" ಎಂದಳು. ಮಾಯಮ್ಮ ತಲೆಯಾಡಿಸಿದಳು. ರಜನೀಶ ಮೇಲಿನ ಕೋರ್ಟಿಗೆ ಹೋದ. ಹಾಗೆ ಹೋಗಬೇಕಾದರೆ ಪರಿಹಾರದ ಹಣವನ್ನು ಮೊದಲು ಕಟ್ಟಲೇಬೇಕು. ಕಟ್ಟಿದ. ಹಣ ಕೋರ್ಟಿನಲ್ಲಿದೆ. ಆ ಕೇಸು ಮುಗಿಯುವವರೆಗೆ ಅಲ್ಲೇ ಇರುತ್ತದೆ. ಸಾಕ್ಷ್ಯ ಮುಚ್ಚಿಟ್ಟಿದ್ದಕ್ಕೆ ಪೊಲೀಸರು ಹಾಕಿದ ಕೇಸಿನಲ್ಲಿ ರಜನೀಶನಿಗೆ ಜಾಮೀನು ಸಿಕ್ಕಿತು. ಮಿಲ್ಲು ನಡೆಯುತ್ತಿದೆ. ಗುಡ್ಡೆಯ ಸುತ್ತ ಕೂತ ಹೆಂಗಸರನ್ನು ಕೆಲಸದಿಂದ ತೆಗೆದ. ಬೇರೆ ಆಳು ಸಿಗಲಿಲ್ಲ. ಮತ್ತೆ ಅವರನ್ನೇ ಕರೆದ. ಚಿಕ್ಕಲಕ್ಷ್ಮಮ್ಮನನ್ನು ಮಾತ್ರ ಕರೆಯಲಿಲ್ಲ. ಊರಲ್ಲಿ ಅವಳ ಜೊತೆ ಮಾತು ಬಿಟ್ಟರು. ಅವಳು ಮನೆಗೆ ಬೀಗ ಹಾಕಿ ಅರಕಲಗೂಡಿನ ಮಗಳ ಮನೆಗೆ ಹೋದಳು. ಅಲ್ಲಿ ಶುಂಠಿ ತೊಳೆಯುವ ಕೆಲಸ ಮಾಡುತ್ತಾಳೆ.

ಮೂಳೆ ಕೊಡಿ ಎಂದು ಧನ್ಯಾ ಅರ್ಜಿ ಹಾಕಿದ್ದಳು. ಪರೀಕ್ಷೆಯ ವರದಿ ಇದ್ದರೆ ಸಾಕು ಎಂದು ಕೋರ್ಟು ಒಪ್ಪಿತು. ಮಾಯಮ್ಮ ಹೋಗಿ ಗಂಟು ಈಸಿಕೊಂಡಳು. ಎಡ ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಬಂದಳು.

ಕೇರಿಯ ಹಿಂದಿನ ಸುಡುಗಾಡಿನಲ್ಲಿ ಭೀಮ ಒಂದು ಮೊಳದ ಗುಂಡಿ ತೋಡಿದ. ಕೇರಿಯ ಹಿರಿಯಳು ದೊಡ್ಡಮ್ಮ ಕೋಲೂರಿಕೊಂಡು ಬಂದು ಗಂಟನ್ನು ನೋಡಿದಳು.

"ಇದ್ಕೆ ಏನ್ ಸಾಸ್ತ್ರ ಮಾಡದು ಮಗ? ಸತ್ತೋರ್ಗೆ ಮಾಡದು ನಂಗೊತ್ತು. ಬದುಕಿರೋರ್ ಕೈಗೆ ಏನ್ಮಾಡದು?"

"ಏನೂ ಬ್ಯಾಡ ಕಣವ್ವ. ಮಣ್ ಮುಚ್ಚಿದ್ರೆ ಸಾಕು."

ಅರಕಲಗೂಡಿನಿಂದ ಚಿಕ್ಕಲಕ್ಷ್ಮಮ್ಮ ಬಂದಿದ್ದಳು. ಬೆರಳುಗಳು ಶುಂಠಿ ತೊಳೆದು ಬೆಳ್ಳಗೆ ಒಡೆದಿದ್ದವು. ಸುಡುಗಾಡಿನ ಹೊರಗೆ ಜಾಲಿಮರದ ಹತ್ತಿರ ನಿಂತಿದ್ದಳು. ಒಳಗೆ ಬರಬಹುದೋ ಬಾರದೋ ಎಂದು ಅವಳಿಗೆ ಗೊತ್ತಾಗಿರಲಿಲ್ಲ.

ಮಾಯಮ್ಮ ಗಂಟನ್ನು ಗುಂಡಿಯೊಳಗಿಟ್ಟಳು. ಎಡಗೈಯಲ್ಲಿ ಹಿಡಿ ಮಣ್ಣು ಹಾಕಿದಳು. ಆಮೇಲೆ ತಿರುಗಿ ಕೂಗಿದಳು.

"ಬಾ, ಲಕ್ಷ್ಮವ್ವ. ನೀನೂ ಮಣ್ಣಾಕು. ಅವತ್ತು ಒಬ್ಳೇ ಊತ್ಬುಟ್ಟಿದ್ದೆ."

ಚಿಕ್ಕಲಕ್ಷ್ಮಮ್ಮ ಬಂದಳು. ಮಣ್ಣು ಹಾಕಿದಳು. ಅಲ್ಲೇ ಕುಸಿದು ಕೂತು ಅತ್ತಳು. ದೊಡ್ಡಮ್ಮ ಅವಳ ಬೆನ್ನು ಸವರಿದಳು. ಭೀಮ ಗುದ್ದಲಿಯಿಂದ ಮಣ್ಣೆಳೆದು ಕಾಲಲ್ಲಿ ಮೆಲ್ಲಗೆ ತುಳಿದ.

ಮಾಯಮ್ಮ ಅಳಲಿಲ್ಲ. ಮಣ್ಣು ಸಮವಾಗುವವರೆಗೆ ನೋಡುತ್ತಾ ನಿಂತಳು. ಬಿಸಿಲು ಏರಿತ್ತು. ಕೇರಿಯ ಯಾವುದೋ ಮನೆಯಿಂದ ಸಾರಿಗೆ ಒಗ್ಗರಣೆ ಹಾಕಿದ ವಾಸನೆ ಬಂತು.

"ಒಟ್ಟೆ ಅಸೀತಾ ಐತೆ" ಎಂದಳು.

ಭೀಮ ಗುದ್ದಲಿ ನಿಲ್ಲಿಸಿ ಅವಳ ಮುಖ ನೋಡಿದ. ಕೈ ಹೋದ ಮೇಲೆ ಅವಳು ಬಾಯಿಬಿಟ್ಟು ಹಸಿವು ಎಂದದ್ದು ಅದೇ ಮೊದಲು.

"ನಡೀರಿ" ಎಂದಳು ಮಾಯಮ್ಮ. ಚಿಕ್ಕಲಕ್ಷ್ಮಮ್ಮನ ತೋಳಿಗೆ ಎಡಗೈ ಹಾಕಿ ಎಬ್ಬಿಸಿದಳು. "ನೀನೂ ಬಾ. ಉಂಡ್ಕಂಡ್ ಓಗೀವಂತೆ."